ಗಾಳಿಗೆ ತಿರುಗುವ ಲಗಮವ್ವ

ಜಮಖಂಡಿ ಬಸ್ ನಿಲ್ದಾಣದಲ್ಲಿ ಮುಧೋಳದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಒಬ್ಬ ಮುದುಕಿ ಮೊಮ್ಮಗಳ ಜೊತೆ ಕೂತಿದ್ದಳು. ಫೋನಿನಲ್ಲಿ ಮಾತಾಡುತ್ತಿದ್ದ ಹುಡುಗಿ ಇದ್ದಕ್ಕಿದ್ದಂತೆ ಎದ್ದು ನಿಂತಳು.

“ಆಯಿ, ಪಂಚರು ಒಪ್ಪಿದ್ರಂತ! ಸಮುದಾಯ ಭವನದ ಮ್ಯಾಲ ನಾ ಬರದ ಗೊಂಬೀನ ಕುಂದರಸ್ತಾರಂತ.”

“ಗಾಳಿ ಯಾಕಡಿ ಬೀಸತೈತಿ ಅಂತ ತಿರುಗಿ ತೋರಸೂ ತಗಡಿನ ಗೊಂಬಿ? ಕೈಯಾಗ ಕೋಲ ಹಿಡದ ಗಂಡಸನ್ನ ಮಾಡ್ತೀವಿ ಅಂದಿದ್ರಲ್ಲ, ಪೂನಮ್?”

“ಅಂದಿದ್ರು. ಈಗ ನಾ ಬರದ ಹೆಣಮಗಳನ್ನ ಅಂತ. ಬೆನ್ನಿಗಿ ಕೂಸು, ಹೆಗಲ ಮ್ಯಾಲ ಕುರಿಮರಿ.”

“ಖರೇನ?”

“ಖರೇನ ಬೇ! ಊರಿಗೆ ಮದಲ ವಲಸಿ ಬಂದವ್ರ ನೆನಪಿಗೆ ಅಂದಮ್ಯಾಲ ಮದಲ ಬಂದಾಕೀನ ಇರಬೇಕಂತ ಭೀಮಶಿ ಕಾಕಾ ವಾದಾ ಮಾಡಿದ್ನಂತ. ಫೋನಿನಾಗ ಅವನ ಅದಾನ.”

“ಮತ್ತೇನ! ಗಂಡ ಆಚಿ ದಂಡ್ಯಾಗ ತೀರಿಕೊಂಡ. ಕುರಿ ಹೊಡಕೊಂಡ ಒಬ್ಬಾಕೀನ ಹೊಳಿ ದಾಟಿ ಬಂದ್ಲು. ಆ ಬೆನ್ನ ಮ್ಯಾಲಿನ ಕೂಸ ನಮ್ಮ ಮುತ್ಯಾ.”

“ಒಪ್ಪೇ ಒಪ್ಪತಾರಂತ ಕಾಕಾ ಮದಲ ವೆಲ್ಡಿಂಗ್ ಮಾಡಿಸಿಟ್ಟಿದ್ನಂತ. ಇವತ್ತ ಮ್ಯಾಲ ಏರಸ್ತಾರಂತ.”

“ನಾವ ಮುಟ್ಟೂಮಟ ಏರಸಬ್ಯಾಡ್ರಿ ಅನ್ನ!”

“ಅಂದೇನಿ. ಕೆಳಗ ಹೆಸರ ಬರೀತಾರಂತ. ಆಕಿ ಹೆಸರೇನ, ಆಯಿ? ಯಾರಿಗೂ ಗೊತ್ತಿಲ್ಲಂತ.”

ಮುದುಕಿ ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ಯಾರೂ ಕೇಳೇ ಇರಲಿಲ್ಲಲ್ಲ.”

“ಈಗ ಕೇಳಾಕತ್ತಾರ. ಹೇಳ.” ಹುಡುಗಿ ಫೋನನ್ನು ಅವಳ ಕೈಗಿತ್ತಳು.

“ಲಗಮವ್ವ!”

ಅವಳು ಎಷ್ಟು ಜೋರಾಗಿ ಹೇಳಿದಳೆಂದರೆ ನಿಲ್ದಾಣದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಷ್ಟರಲ್ಲಿ ಸಾವಳಗಿ ಬಸ್ಸು ಬಂತು. ಮೊಮ್ಮಗಳು ಕೈಹಿಡಿದು ಹತ್ತಿಸುತ್ತಿದ್ದರೂ ಮುದುಕಿ ಫೋನನ್ನು ಬಾಯಿಗೆ ಹಿಡಿದೇ ಇದ್ದಳು.

“ಭೀಮಶಿ, ದೊಡ್ಡ ಅಕ್ಷರದಾಗ ಬರಸಪಾ. ಕೆಳಗ ನಿಂತವ್ರಿಗೂ ಕಾಣಬೇಕ.”