ಮೊಟ್ಟೆಗೆ ಚಳಿ ಆಗುತ್ತೆ ಸರ್

ದೇವರ ಮುಂದೆ ಉರೀತಿರೋ ಈ ದೀಪದಾಣೆ, ಈಗ ಹೇಳೋದ್ರಲ್ಲಿ ಒಂದಕ್ಷರ ಸುಳ್ಳಿಲ್ಲ. ನಕ್ಕರೆ ಪಾಪ ನಿಮಗೇ.

ಒಂದೂರಲ್ಲಿ ಒಬ್ಬಳು ಪಿಎಚ್‌ಡಿ ಹುಡುಗಿ ಇದ್ದಳು. ಏನು ಓದು? ಮೈಯಲ್ಲಿ ಹೊಸ ರಕ್ತನಾಳ ಹೇಗೆ ಚಿಗುರುತ್ತೆ ಅನ್ನೋದು. ರಕ್ತ ಸಿಗದ ಕಡೆಗೆ ನಾಳ ತಾನೇ ದಾರಿ ಹುಡುಕ್ಕೊಂಡು ಹೋಗುತ್ತೆ ನೋಡಿ. ಯಾರೂ ಕೈ ಹಿಡಿದು ಕರಕೊಂಡು ಹೋಗಲ್ಲ. ಅದನ್ನ ಬೇಗ ಚಿಗುರಿಸೋಕೆ ಅವಳೊಂದು ಮದ್ದು ಮಾಡಿದ್ದಳು. ಕಾವು ಕೊಟ್ಟ ಕೋಳಿಮೊಟ್ಟೆಯ ಸಿಪ್ಪೇಲಿ ಪುಟ್ಟ ಕಿಟಕಿ ಕೊರೆದು, ಒಂದು ಹನಿ ಮದ್ದು ಬಿಟ್ಟು, ಟೇಪ್ ಹಚ್ಚಿ, ಬೆಚ್ಚಗಿನ ಪೆಟ್ಟಿಗೇಲಿ ಇಡೋದು. ಆಮೇಲೆ? ಆಮೇಲೆ ಸುಮ್ಮನಿರೋದು. ಅದೇ ಕಷ್ಟ.

ಅವಳಿಗಲ್ಲ, ಅವಳ ಗೈಡಿಗೆ. ಗಳಿಗೆಗೊಂದು ಸಲ ಬಂದು ಪೆಟ್ಟಿಗೆ ಬಾಗಿಲು ತೆಗೆಯೋರು.

"ಚಿಗುರ್ತೇನಮ್ಮಾ?"

"ಬಾಗಿಲು ಹಾಕಿ ಸರ್, ಮೊಟ್ಟೆಗೆ ಚಳಿ ಆಗುತ್ತೆ."

"ನಿನ್ನಂಥೋರನ್ನ ಎಷ್ಟು ಜನಾನ ದಡ ಸೇರಿಸಿದೀನಿ, ನನಗೇ ಹೇಳ್ಕೊಡ್ತೀಯಾ?"

ಮೊಟ್ಟೆ ತಣ್ಣಗಾಯ್ತು. ನಾಳ ಒಣಗಿದ ದಾರದಂಗೆ ನಿಂತೋಯ್ತು. ಮತ್ತೆ ಇಟ್ಟಳು, ಮತ್ತೆ ತೆಗೆದರು, ಮತ್ತೆ ಸತ್ತೋಯ್ತು. ಇನ್ನೊಂದೇ ಸಲ ಉಳಿದಿತ್ತು. ಅದೂ ಕೆಟ್ಟರೆ ಗಡುವು ಮುಗೀತು, ಅಷ್ಟು ವರ್ಷದ ಓದು ಹೊಳೇಲಿ ಹುಣಸೆಹಣ್ಣು ತೊಳೆದಂಗೆ.

ಹುಡುಗಿ ಏನು ಮಾಡಿದಳು? ಆಮ್ಲೆಟ್ಟಿಗೆ ತಂದಿದ್ದ ಅಂಗಡಿ ಮೊಟ್ಟೆ ಒಂದು ಪೆಟ್ಟಿಗೇಲಿಟ್ಟು ಗೈಡಿನ ಮೇಜಿನ ಮೇಲೆ ಕೂರಿಸಿದಳು. "ಸರ್, ಇದು ನಿಮ್ಮ ಕಣ್ಣಮುಂದೇ ಇರಲಿ." ನಿಜವಾದದ್ದು ಸ್ಟೋರ್ ರೂಮಲ್ಲಿ, ಮುರಿದ ಕುರ್ಚಿ ಹಿಂದೆ. ತಾನೂ ಇಣುಕಬಾರದು ಅಂತ ಬೀಗದ ಕೈನ ಕ್ಯಾಂಟೀನ್ ಅಕ್ಕನ ಸೊಂಟಕ್ಕೆ ಸಿಗಿಸಿದಳು.

ಆಗ ಚಿಗುರ್ತು ನೋಡಿ ನಾಳ! ಟೇಪ್ ಎಬ್ಬಿಸ್ತು, ಬಾಗಿಲ ಸಂದೀಲಿ ನುಸುಳ್ತು, ಕಾರಿಡಾರ್ ಹಿಡಿದು ಎಡಕ್ಕೆ ತಿರುಗ್ತು. ರಕ್ತ ಇಲ್ಲದ ಕಡೆಗೆ ತಾನೇ ಅದು ಹೋಗೋದು? ಗೈಡಿನ ಮೇಜು ಹತ್ತಿ ಆಮ್ಲೆಟ್ ಮೊಟ್ಟೇನ ಸುತ್ಕೊಳ್ತು. ಅವಳ ಓದು ಅಳೆಯೋಕೆ ಬಂದಿದ್ದ ಪರೀಕ್ಷಕರ ಎದುರಿಗೇ ಆ ಮೊಟ್ಟೆ "ಕೊಕ್ಕೊಕ್ಕೋ" ಅಂತು. ನಗಬೇಡಿ, ಆಣೆ ಹಾಕಿದೀನಿ.

"ಇದು ಹೇಗಾಯ್ತು?" ಅಂದರು ಪರೀಕ್ಷಕರು.

"ನಾನು ದಿನಾ ಬಾಗಿಲು ತೆಗೆದು ನೋಡ್ತಿದ್ದೆನಲ್ಲ, ಅದಕ್ಕೇ" ಅಂದರು ಗೈಡು. ಹುಡುಗಿ ಹೌದೌದು ಅಂತ ತಲೆ ಆಡಿಸಿದಳು. ಡಾಕ್ಟರೇಟ್ ಕೈಗೆ ಬರೋ ಹೊತ್ತಲ್ಲಿ ಯಾರು ಅಲ್ಲ ಅಂತಾರೆ?

ನಗ್ತೀರಲ್ಲ, ನೀವೇನು ಕಮ್ಮಿ? ಸೊಸೆ ದೋಸೆ ಹುಯ್ದರೆ ಮುಚ್ಚಳ ಎತ್ತಿ "ಬೆಂತಾ?" ಮಗ ಓದೋಕೆ ಕೂತರೆ ಬಾಗಿಲು ತಳ್ಳಿ "ಓದ್ತಿದೀಯಾ?" ಮದುವೆಯಾಗಿ ಹೋದ ಮಗಳಿಗೆ "ಏನಾದ್ರೂ ವಿಶೇಷಾನಾ?" ಚಿಗುರೋದು ಚಿಗುರುತ್ತೆ ಕಣ್ರೀ! ಕಾವು ಕೊಡೋದು ನಿಮ್ಮ ಕೆಲಸ, ಇಣುಕೋದಲ್ಲ. ಇವತ್ತು ಮನೆಗೆ ಹೋದಾಗ ಮುಚ್ಚಿದ ಬಾಗಿಲು ಕಂಡರೆ ಕೈ ಹಿಂದಕ್ಕೆ ಕಟ್ಕೊಳ್ಳಿ. ಒಂದು ವಾರ ಯಾರನ್ನೂ "ಆಯ್ತಾ?" ಅಂತ ಕೇಳಬೇಡಿ. ಆಗ ನೋಡಿ, ನಿಮ್ಮ ಮನೇಲೂ...

ಅಮ್ಮಾ, ಕಂಬದ ಪಕ್ಕದೋರೇ, ಎಲ್ಲಿಗೆ ಎದ್ರಿ?

"ಬಂದೆ ಸ್ವಾಮೀ, ಹುಡುಗ ಓದ್ತಿದಾನೋ ಇಲ್ವೋ ಒಂದೇ ಒಂದ್ಸಲ ನೋಡ್ಕೊಂಡು, ಪ್ರಸಾದದ ಹೊತ್ತಿಗೆ ಬಂದ್ಬಿಡ್ತೀನಿ."

ತಾಯೀ, ನಿಲ್ಲಿ, ಮೊಟ್ಟೆಗೆ ಚಳಿ...