ಸಗಣಿಯ ಮೇಲೆ ಕೂತ ಜೋಡಿ

ಏನು ಓದಿದ್ದೀಯ ಎಂದು ಯಾರಾದರೂ ಕೇಳಿದರೆ ಅವಳಿಗೆ ನಾಲಿಗೆಯೇ ಹೊರಳುತ್ತಿರಲಿಲ್ಲ. ಒಮ್ಮೆ ನಿಜ ಹೇಳಿದ್ದಕ್ಕೆ ಅತ್ತಿಗೆಯ ತವರಿನವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಇನ್ನು ಮೇಲೆ ‘ಜೀವಶಾಸ್ತ್ರ’ ಎಂದಷ್ಟೇ ಹೇಳಿ ಜಾರಿಕೊಳ್ಳುವುದೆಂದು ಡೈರಿಯಲ್ಲಿ ಬರೆದುಕೊಂಡಿದ್ದಳು.

ಇಂದು ದನದ ಆಸ್ಪತ್ರೆಯ ಬೆಂಚಿನ ಮೇಲೆ ಬೆಕ್ಕನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಒಬ್ಬ ಅಜ್ಜ, ಅಜ್ಜಿ; ಅವರಾಚೆ ಇನ್ನೂ ನಾಲ್ಕೈದು ಜನ. ಅವರ ಹಸು ಅಂಗಳದಲ್ಲಿ ಆಗಷ್ಟೇ ಸಗಣಿ ಹಾಕಿತ್ತು.

“ನೋಡ್ರೀ, ಆ ಚಿನ್ನದ ಬಣ್ಣದ ನೊಣ! ತಾಯಿ ಮಗೂನ ಹೇಗೆ ತಬ್ಬಿಕೊಂಡು ಕೂತಿದೆ.”

“ತಾಯಿ ಅಲ್ಲ ಕಣೇ, ಗಂಡ. ಕೆಳಗಿರೋ ಸಣ್ಣದು ಹೆಂಡ್ತಿ.”

“ಗಂಡ ಆಗಿದ್ರೆ ಇಷ್ಟೊತ್ತು ಜೊತೇಲಿರ್ತಿತ್ತಾ? ನಮ್ಮ ದೊಡ್ಡೋಳು ಹುಟ್ಟುವಾಗ ನೀವೆಲ್ಲಿದ್ರಿ?”

“ಬಾಗಿಲಲ್ಲೇ ಇದ್ದೆನಲ್ಲೇ!”

“ಇದ್ರಿ, ಗೊರಕೆ ಹೊಡೀತಾ.”

“ಆಯ್ತು ಮಾರಾಯ್ತಿ, ತಾಯೀನೇ ಅನ್ನು.”

ಒಳಗಿನಿಂದ ಡಾಕ್ಟರು ಕೂಗಿದರು. ಅಜ್ಜ ಸೋತ ಮುಖ ಮಾಡಿಕೊಂಡು ಹಸುವಿನ ಹಗ್ಗ ಬಿಚ್ಚಿದರು. ಅಜ್ಜ ಹೇಳಿದ್ದೇ ಸರಿಯೆಂದು ಅವಳಿಗೆ ಗೊತ್ತಿತ್ತು. ಸುಮ್ಮನಿರಲಾಗಲಿಲ್ಲ.

“ಅಜ್ಜೀ, ಅದು ಗಂಡನೇ. ಅವಳು ಸಗಣೀಲಿ ಮೊಟ್ಟೆ ಇಟ್ಟು ಮುಗಿಸೋವರೆಗೂ ಬೇರೆ ಗಂಡು ಹತ್ರ ಬರದ ಹಾಗೆ ಕಾಯ್ತಾನೆ. ಮಕ್ಕಳು ಇನ್ನೂ ಹುಟ್ಟೇ ಇಲ್ಲ. ಹುಟ್ಟಿದ ಮೇಲೂ ಮೊದಲು ಹುಳುಗಳಾಗಿ ಆ ಸಗಣಿ ತಿಂದೇ ಬೆಳೀತವೆ.”

“ನೋಡಿದ್ರಾ, ನಿದ್ದೆ ಮಾಡದೆ ಕಾಯೋ ಗಂಡಂದಿರೂ ಇದ್ದಾರೆ!” ಎಂದು ಅಜ್ಜಿ ಗಂಡನ ಬೆನ್ನಿಗೆ ಮೆಲ್ಲಗೆ ಗುದ್ದಿದರು. ಹೊರಟವರು ಬಾಗಿಲಲ್ಲಿ ತಿರುಗಿದರು. “ಏನು ಓದಿದ್ದೀಯ ಮಗಳೇ?”

“ಸಗಣಿ ನೊಣ, ಅಜ್ಜಿ,” ಎಂದಳು, ಇಡೀ ಬೆಂಚಿಗೆ ಕೇಳುವ ಹಾಗೆ.