ಮಸಿ ಹಿಡಿದ ಪ್ಲಗ್ಗು

...ಏನೇ ಹೇಳು, ತಪ್ಪು ಈ ಮೋಟಾರು ಗರಗಸದ ಪ್ಲಗ್ಗಿಂದೇ ಕಣೇ ಸತ್ಸುಎ! ನೋಡಿಲ್ಲಿ, ಬೆಳಿಗ್ಗೆ ತಾನೆ ತಂತಿ ಬ್ರಷ್ಷಲ್ಲಿ ಉಜ್ಜಿ ಹಾಕಿದ್ದೆ. ಹಗ್ಗ ಎಳೆದೆ, ಬುಡ್ ಬುಡ್ ಅಂತು, ಸತ್ತೋಯ್ತು. ಬಿಚ್ಚಿ ನೋಡಿದ್ರೆ ಮತ್ತೆ ಮಸಿ! ಒದ್ದೆ ಬೇರೆ! ಥತ್!

ಯಾಕೆ ನಗ್ತೀಯ? ಕಟ್ಕೊಂಡ ಗಂಡ ಇಲ್ಲಿ ತಲೆ ಚಚ್ಕೊಳ್ತಾ ಇದಾನೆ, ನಿಂಗೆ ನಗು. ಮಿಸೊ ಸಾರು ಆರಿದ್ರೆ ಆರ್ಲಿ ಬಿಡು. ಎಣ್ಣೆ ಜಾಸ್ತಿ ಆಗಿಲ್ಲ ಮಾರಾಯ್ತಿ, ಪೆಟ್ರೋಲಿಗೆ ಅಳೆದು ಬೆರೆಸಿದೋಳು ನೀನೇ ಅಲ್ವಾ? ಏರ್ ಫಿಲ್ಟರು? ತೊಳೆದೆ. ಕಿಡಿ? ಬರ್ತಿದೆ, ನೀಲಿಗೆ, ಚಟಚಟ ಅಂತ. ಹೊಸ ಪ್ಲಗ್ಗೂ ಹಾಕಿ ನೋಡಾಯ್ತು, ಅದಕ್ಕೂ ಮಸಿ! ಇನ್ನೇನು ಈ ಹಾಳು ಗರಗಸದ ಕಾಲಿಗೆ ಬೀಳ್ಲಾ?

ನಾಳೆ ಮೇಸ್ತ್ರಿ ಓನಿಷಿ ಬರ್ತಾನೆ. "ಕೆಟ್ಟಿರೋದು ಗರಗಸಾನೋ ನೀನೋ, ಕಿಸಾಕು?" ಅಂತ ಎಲ್ಲರೆದುರು ಕೇಳ್ದ, ಗೊತ್ತಾ? ಇದು ಶುರು ಆಗ್ಲಿಲ್ಲ ಅಂದ್ರೆ ಆ ಇಳಿಜಾರಿನ ಸುಗಿ ಮರಗಳೆಲ್ಲ ಬೇರೆಯವನ ಪಾಲು. ನನ್ನನ್ನ ಹಿಮದಲ್ಲಿ ರೆಂಬೆ ಆಯೋಕೆ ಹಾಕ್ತಾನೆ. ನನ್ನನ್ನ! ಮೀಸೆ ಮೊಳೆಯೋಕೆ ಮುಂಚೆಯಿಂದ ಮರ ಕೆಡವಿದೋನ್ನ!

ಅಯ್ಯೋ, ಮತ್ತೆ ಅದೇ ಮಾತಾ? ಆಸ್ಪತ್ರೆಗೆ ಹೋಗಿದ್ದೆ ಅಂದ್ನಲ್ಲ. ಹ್ಞೂ, ತಣ್ಣೀರಲ್ಲಿ ಕೈ ಅದ್ದಿಸಿದ್ರು. ಬೆರಳು ಬೆಳ್ಳಗಾಗೋದು ಚಳಿಗೆ ಅಷ್ಟೇ ಅಂದ್ರು ಡಾಕ್ಟ್ರು. ಗರಗಸ ಹಿಡಿದೂ ಹಿಡಿದೂ ಬೆರಳು ಮರಗಟ್ಟೋ ಆ ರೋಗ ನಂಗಿಲ್ಲ. ಎಷ್ಟು ಸಲ ಹೇಳೋದು?

ಚೋಕಾ? ಒಳಗಿದೆ ಕಣೇ. ಎಂಜಿನ್ ಬುಡ್ ಅಂದ ತಕ್ಷಣ ಒತ್ತಿಬಿಡ್ತೀನಿ, ಅದಕ್ಕೇನು ನೋಡ್ಬೇಕಾ? ಚೋಕ್ ಹೊರಗೇ ಇದ್ರೆ ಪೆಟ್ರೋಲು ನುಗ್ಗಿ ಪ್ಲಗ್ಗು ನೆನೆಯುತ್ತೆ, ಮಸಿ ಹಿಡಿಯುತ್ತೆ ಅಂತ ನಂಗೆ ಗೊತ್ತಿಲ್ವಾ? ನಂಗೇ ಪಾಠ ಹೇಳ್ತಾಳೆ! ಏಯ್, ಅದನ್ನ ಯಾಕೆ ಒತ್ತೋಕೆ ಹೋಗ್ತೀಯ...

...ಟಕ್ ಅಂತು. ಇಷ್ಟೊತ್ತು ಹೊರಗೇ ಇತ್ತಾ?

ಇಲ್ಲ ಕಣೇ. ನಾನು ಒತ್ತಿದ್ದೆ. ಪ್ರತಿ ಸಲಾನೂ ಒತ್ತಿದ್ದೆ. ಒಳಗೆ ಹೋಯ್ತು ಅಂತಾನೇ... ಹೋಯ್ತು ಅನ್ಕೊಂಡೆ.

ಬೈಯೇ. ಇಷ್ಟೊತ್ತು ವಟವಟ ಅಂತಿದ್ದೆ, ಈಗ ಬೈಯೋಕೇನು? ಅದೇನು ಕೆಳಗೆ ನೋಡ್ತಾ ಕೂತೆ? ಏನಿದೆ ಅಲ್ಲಿ...

ನನ್ನ ಕೈ ಹಿಡ್ಕೊಂಡಿದೀಯಾ?

ಯಾವಾಗಿಂದ ಹಿಡ್ಕೊಂಡಿದೀಯೇ, ಸತ್ಸುಎ?